ಕಂಬಳಿ ಪೆಟ್ಟಿಗೆಯ ಮೇಲೆ ಸಭಾಧ್ಯಕ್ಷೆ

ನನ್ನ ಅತ್ತೆ ದುರುಗಕ್ಕ ಬೆಂಗಳೂರಿಗೆ ಹೋದದ್ದು ಊರಿಗೆ ಬೋರ್‌ವೆಲ್ ಕೇಳಲು. ವಾಪಸ್ ಬಂದದ್ದು ವಿಧಾನಸಭೆಯನ್ನು ತಲೆಯಲ್ಲಿ ತುಂಬಿಕೊಂಡು. ಇದನ್ನು ಹೇಳಿದರೆ ಈಗಿನವರು ನಗುತ್ತಾರೆ. ನಗಲಿ, ನನಗೇನು. ಆ ಸಭೆಯಲ್ಲಿ ಎರಡು ವರ್ಷ ಎಡಗಡೆ ಕೂತು ಮೊಣಕಾಲು ನೋಯಿಸಿಕೊಂಡವಳು ನಾನು. ನಗುವ ಹಕ್ಕು ಮೊದಲು ನನಗಿದೆ.

ನಮ್ಮದು ಹಿರಿಯೂರು ತಾಲ್ಲೂಕಿನ ಯಲ್ಲದಕೆರೆ. ಕುರಿ ಸಾಕುವ ಮನೆತನ, ಜೊತೆಗೆ ಒಂದಿಷ್ಟು ರಾಗಿಯ ಹೊಲ. ನಾನು ಮದುವೆಯಾಗಿ ಬರುವ ಹೊತ್ತಿಗೆ ಮಾವ ತೀರಿಹೋಗಿದ್ದರು, ಮೂವರು ಗಂಡುಮಕ್ಕಳನ್ನು ಅತ್ತೆ ಒಬ್ಬರೇ ಸಾಕಿ ದೊಡ್ಡವರನ್ನಾಗಿ ಮಾಡಿದ್ದರು. ಹಿರಿಯರು ಮಾರಣ್ಣ ಭಾವ. ಹಣದ ಪೆಟ್ಟಿಗೆಯ ಕೀಲಿ ಅವರ ಉಡಿದಾರದಲ್ಲೇ ಇರುತ್ತಿತ್ತು. ಅವರ ಹೆಂಡತಿ ಹಿರೇಗುಂಟನೂರಿನ ಹೊನ್ನಕ್ಕ. ನಡುವಿನವರು ನನ್ನ ಯಜಮಾನರು, ಬೋರಯ್ಯ. ನಾನು ಹೊಸದುರ್ಗದ ಕಡೆಯವಳು, ಕೊಟ್ರಮ್ಮ. ಬಾಯಿ ಜೋರು ಎಂದು ಊರೆಲ್ಲ ಹೇಳುತ್ತದೆ, ಸುಳ್ಳಲ್ಲ. ಕೊನೆಯವನು ಸಣ್ಣಪ್ಪ, ಅವನ ಹೆಂಡತಿ ಗಂಗಕ್ಕ. ಇಷ್ಟು ಜನರ ಮೇಲೆ ಮಾವನ ತಮ್ಮ, ಮುದುಕ ಚಿಕ್ಕತಿಮ್ಮಪ್ಪ. ಅವರು ಪಡಸಾಲೆಯ ಮೂಲೆಯಲ್ಲಿ ಗೋಡೆಗೊರಗಿ ನಿದ್ದೆ ಮಾಡುತ್ತಿದ್ದರು, ಎಚ್ಚರವಾದಾಗ ಹೊಗೆಸೊಪ್ಪು ಹುಡುಕುತ್ತಿದ್ದರು.

ಮಾರಣ್ಣ ಭಾವನಿಗೂ ನಮ್ಮ ಯಜಮಾನರಿಗೂ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಕಾರಣ ಒಂದು ಟಗರು. ಅದನ್ನು ಕೇಳದೆ ಸಂತೆಯಲ್ಲಿ ಮಾರಿದ್ದು ಯಾರು ಎನ್ನುವುದು ಇವತ್ತಿಗೂ ಇತ್ಯರ್ಥವಾಗಿಲ್ಲ. ಟಗರು ಯಾರದೋ ಮನೆಯ ಹಬ್ಬಕ್ಕೆ ಸಾರಾಗಿ ಹೋಗಿ ಎಷ್ಟೋ ಕಾಲವಾದರೂ ಇವರ ಹಟ ಹೋಗಲಿಲ್ಲ. ಒಂದೇ ಪಡಸಾಲೆ, ಒಂದೇ ಒಲೆ, ಅಕ್ಕಪಕ್ಕದ ತಟ್ಟೆ. ಮಾತಾಡಲೇಬೇಕಾಗಿ ಬಂದರೆ ಇಬ್ಬರೂ ನಡುಗಂಬಕ್ಕೆ ಹೇಳುತ್ತಿದ್ದರು.

“ಕಂಬಣ್ಣ, ನಾಳೆ ಮ್ಯಾಲಿನ ಹೊಲಕ್ಕೆ ಎತ್ತು ಬೇಕು ಅಂತ ಹೇಳು.”

“ಕಂಬಣ್ಣ, ಎತ್ತಿಗೆ ಕಾಲು ನೋವು ಐತೆ ಅಂತ ಹೇಳು.”

“ಕಂಬಣ್ಣ, ಎತ್ತಿಗಾ, ಅವನಿಗಾ ಅಂತ ಕೇಳು.”

ಕಂಬ ಏನು ಹೇಳೀತು? ಕೊನೆಗೆ ಇಬ್ಬರೂ ಕಂಬದ ಮೇಲೆಯೇ ಸಿಟ್ಟಾಗಿ ಅದನ್ನು ಗುದ್ದುತ್ತಿದ್ದರು. ಹೆಂಗಸರಿಗೆ ಕಂಬದ ಜೊತೆ ಮಾತಾಡುವ ಅನುಕೂಲವೂ ಇರಲಿಲ್ಲ. ನಮ್ಮ ಪೈಕಿ ತಮ್ಮನ ಹೆಂಡತಿಯಾದವಳು ಗಂಡನ ಅಣ್ಣನ ಎದುರು ಬಾಯಿ ಬಿಡುವಂತಿಲ್ಲ. ಅವರು ಬಂದರೆ ಸೆರಗು ಎಳೆದುಕೊಂಡು ಒಳಗೆ ಹೋಗಬೇಕು. ಬಾಗಿಲ ಹಿಂದೆ ನಿಂತು ಎಷ್ಟು ಮಾತು ನುಂಗಿದ್ದೇನೋ ನನ್ನ ಹೊಟ್ಟೆಗೇ ಗೊತ್ತು. ಗಂಗಕ್ಕನಂತೂ ಮದುವೆಯಾಗಿ ಬಂದ ಮೇಲೆ ಮಾರಣ್ಣ ಭಾವನಿಗೆ ತನ್ನ ಮುಖವನ್ನೇ ತೋರಿಸಿರಲಿಲ್ಲ. ಅವಳ ಮೂಗು ಹೇಗಿದೆ ಎಂದು ಕೇಳಿದ್ದರೆ ಅವರು ಊಹಿಸಿಯೇ ಹೇಳಬೇಕಿತ್ತು.

ಹೀಗಿರುವಾಗ ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ನಮ್ಮ ಕಡೆಯ ಒಬ್ಬ ಮುಖಂಡರು ನಾಲ್ಕಾರು ಊರಿನ ಹೆಂಗಸರನ್ನು ಬಸ್ಸಿಗೆ ಹತ್ತಿಸಿಕೊಂಡು ವಿಧಾನಸೌಧಕ್ಕೆ ಕರೆದುಕೊಂಡು ಹೋದರು. ಮಂತ್ರಿಗಳಿಗೆ ಪುರುಸೊತ್ತಿರಲಿಲ್ಲ. ಸಭೆ ನಡೆಯುತ್ತಿದೆ, ಅಲ್ಲಿಯವರೆಗೆ ಕೂತು ನೋಡುತ್ತಿರಿ ಎಂದು ಪಾಸು ಮಾಡಿಸಿ ಮೇಲಿನ ಗ್ಯಾಲರಿಯಲ್ಲಿ ಕೂರಿಸಿದರು. ಎಲೆಅಡಿಕೆ ಚೀಲವನ್ನು ಬಾಗಿಲಲ್ಲೇ ಕಿತ್ತಿಟ್ಟುಕೊಂಡರಂತೆ. ಉಳಿದ ಹೆಂಗಸರು ಫ್ಯಾನಿನ ಗಾಳಿಗೆ ನಿದ್ದೆ ಹೋದರು. ನನ್ನ ಅತ್ತೆ ಕಣ್ಣು ಮುಚ್ಚಲಿಲ್ಲ, ಅಲ್ಲಿ ನಿಂತಿದ್ದ ಸಮವಸ್ತ್ರದ ಕಾವಲುಗಾರನನ್ನು ಒಂದೇ ಸಮನೆ ಕೇಳಿ ಕೇಳಿ ಸುಸ್ತು ಮಾಡಿದರು.

“ಆ ಎತ್ತರದಾಗ ಕುಂತೋರು ಯಾರಪ್ಪ? ರಾಜನಾ?”

“ಅಲ್ಲಮ್ಮ, ಸಭಾಧ್ಯಕ್ಷರು. ಅವರ ಬಲಗಡೆ ಇರೋರು ಆಡಳಿತ ಪಕ್ಷ, ಎಡಗಡೆ ಇರೋರು ವಿರೋಧ ಪಕ್ಷ. ಅವರು ಮಾತ್ರ ಯಾರ ಕಡೆನೂ ಅಲ್ಲ.”

“ಇವರೆಲ್ಲ ಈ ಪರಿ ಕೂಗಾಡ್ತಾರೆ, ಒಬ್ರಿಗೊಬ್ರು ಯಾಕೆ ಹೊಡ್ಕಳ್ಳಾಕಿಲ್ಲ?”

“ಒಬ್ಬರಿಗೊಬ್ಬರು ನೇರ ಮಾತಾಡೋ ಹಾಗಿಲ್ಲಮ್ಮ. ಏನೇ ಇದ್ರೂ ಅಧ್ಯಕ್ಷರಿಗೇ ಹೇಳಬೇಕು. ಬೈಯೋದಾದ್ರೂ ಅವರ ಮೂಲಕವೇ ಬೈಬೇಕು.”

ಅಷ್ಟು ಕೇಳಿದ್ದೇ ತಡ, ಅತ್ತೆ ಎದ್ದು ನಿಂತು “ಅಯ್ಯೋ ಶಿವನೇ, ನಮ್ಮನೆ ಕಂಬ!” ಎಂದು ಕೂಗಿದರಂತೆ. ಗ್ಯಾಲರಿಯಲ್ಲಿ ಕೂಗಬಾರದು ಎಂದು ಅವರನ್ನು ಹೊರಗೆ ಕಳಿಸಿದರು. ಹೊರಗೆ ಮೆಟ್ಟಿಲ ಮೇಲೆ ಕೂತು, ಕಾವಲುಗಾರನ ಪಾಳಿ ಮುಗಿಯುವುದನ್ನೇ ಕಾದು, ಅವನನ್ನು ಹಿಡಿದುಕೊಂಡು ಉಳಿದದ್ದನ್ನೆಲ್ಲ ಕೇಳಿ ತಿಳಿದುಕೊಂಡರು. ಬೋರ್‌ವೆಲ್ ವಿಷಯ ಯಾರೂ ಎತ್ತಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಊರಿಗೆ ಬಂದವರು ಕಾಲು ಕೂಡ ತೊಳೆಯಲಿಲ್ಲ. ಮಾವನ ಕಾಲದ ಮರದ ಪೆಟ್ಟಿಗೆಯೊಂದು ನಮ್ಮಲ್ಲಿತ್ತು, ಅದರಲ್ಲಿ ಕಂಬಳಿ ಇಡುತ್ತಿದ್ದೆವು. ಅದನ್ನು ಎಳೆಸಿ ನಡುಗಂಬದ ಮುಂದೆ ಇಡಿಸಿದರು. ಮೇಲೊಂದು ಕರಿ ಕಂಬಳಿ ಮಡಚಿ ಹಾಸಿ ಹತ್ತಿ ಕೂತರು. ಕೈಯಲ್ಲಿ ಟಗರಿನ ಕೊರಳ ಗಂಟೆ.

“ಇವತ್ತಿಂದ ಕಂಬಕ್ಕೆ ಹೇಳಾದನ್ನ ನಂಗೆ ಹೇಳ್ರಿ. ಕಂಬ ತಿರುಗಿ ಮಾತಾಡಾಕಿಲ್ಲ, ನಾನು ಮಾತಾಡ್ತೀನಿ. ಎಲ್ರೂ ಎದ್ದು ನಿಂತು ‘ಮಾನ್ಯ ಅಧ್ಯಕ್ಷರೇ’ ಅನ್ಬೇಕು. ಒಬ್ರ ಮಕ ಒಬ್ರು ನೋಡಿ ಮಾತಾಡಿದ್ರೆ ಆವತ್ತು ಮುದ್ದೆ ಇಲ್ಲ.”

“ಅವ್ವಾ, ನಿಂಗೆ ಬಿಸಿಲು ಬಡಿದೈತಾ?” ಎಂದರು ಮಾರಣ್ಣ ಭಾವ.

“ಅವ್ವ ಅಲ್ಲ. ಮಾನ್ಯ ಅಧ್ಯಕ್ಷರು. ನೀನು ಬಲಕ್ಕೆ ಕುಂತ್ಕ. ಕೀಲಿ ಯಾರ ತಾವ ಐತೋ ಅವರೇ ಸರ್ಕಾರ.”

ಹೀಗೆ ಮಾರಣ್ಣ ಭಾವ ಬಲಗಡೆ ಕೂತು ಮುಖ್ಯಮಂತ್ರಿಯೂ ಹಣಕಾಸು ಮಂತ್ರಿಯೂ ಆದರು. ಒಲೆ ನೋಡಿಕೊಳ್ಳುತ್ತಿದ್ದ ಹೊನ್ನಕ್ಕ ಆಹಾರ ಮಂತ್ರಿ. ಕುರಿ ಅಂದರೆ ಮನೆಯ ವರಮಾನ, ಆದ್ದರಿಂದ ಸಣ್ಣಪ್ಪನೂ ಗಂಗಕ್ಕನೂ ಅದೇ ಕಡೆ. ಎಡಗಡೆಗೆ ನಮ್ಮ ಯಜಮಾನರು ವಿರೋಧ ಪಕ್ಷದ ನಾಯಕರು. ಸರ್ಕಾರದ ಎದುರಿಗೆ ಸಮವಾಗಿ ಕೂರಬಹುದು, ಬೇಕಾದಷ್ಟು ಬೈಯಬಹುದು, ಕೆಲಸ ಮಾತ್ರ ಯಾವುದೂ ಮಾಡಬೇಕಾಗಿಲ್ಲ ಎಂದು ತಿಳಿದಾಗ ಅವರ ಮುಖ ನೋಡಬೇಕಿತ್ತು. ಹುಟ್ಟಿದ್ದೇ ಅದಕ್ಕೆ! ಅವರ ಹಿಂದೆ ನಾನು, ನನ್ನ ಪಕ್ಕದಲ್ಲಿ ನಿದ್ದೆ ಮಾಡುವ ಚಿಕ್ಕತಿಮ್ಮಪ್ಪ. ಇದನ್ನೆಲ್ಲ ಬರೆದುಕೊಳ್ಳಲು ನನಗೆ ಹೇಳಿದರು, ಏಳನೇ ಕ್ಲಾಸು ಓದಿದವಳು ಮನೆಯಲ್ಲಿ ನಾನೊಬ್ಬಳೇ. “ಮುದ್ದೆ ಕಟ್ಟೋರು ಯಾರು ಹಂಗಾರೆ?” ಎಂದು ಕೇಳಿದೆ. ಅಲ್ಲಿಗೆ ಆ ಮಾತು ನಿಂತಿತು.

ಎತ್ತಿಗೆ ಸೋಮವಾರ ನೊಗ ಹೂಡುವುದಿಲ್ಲವಾದ್ದರಿಂದ ಪ್ರತಿ ಸೋಮವಾರ ಬೆಳಿಗ್ಗೆ ಸಭೆ. ಅತ್ತೆ ಗಂಟೆ ಬಾರಿಸುತ್ತಿದ್ದರು. ಅದು ಟಗರಿನ ಗಂಟೆಯಲ್ಲವೇ? ಮೊದಲ ದಿನ ನಾವು ಬರುವ ಮೊದಲು ರೊಪ್ಪದಲ್ಲಿದ್ದ ಕುರಿಗಳು ಎದ್ದು, ತಡಿಕೆ ನೂಕಿಕೊಂಡು ಪಡಸಾಲೆಗೆ ನುಗ್ಗಿದವು. ಆಡಳಿತ ಪಕ್ಷದ ಕಡೆಗೆ ಅಷ್ಟು ಬಹುಮತ ಯಾವ ರಾಜ್ಯದಲ್ಲೂ ಬಂದಿರಲಿಕ್ಕಿಲ್ಲ.

ಕೋರಂ ಎಂದು ಒಂದಿದೆಯಲ್ಲ, ಅದಕ್ಕೆ ಸದಸ್ಯರಲ್ಲಿ ಹತ್ತನೆಯ ಒಂದು ಪಾಲು ಇದ್ದರೆ ಸಾಕು ಎಂದು ಕಾವಲುಗಾರ ಹೇಳಿದ್ದನಂತೆ. ನಾವಿದ್ದದ್ದು ಏಳು ಜನ. ಲೆಕ್ಕ ಹಾಕಿದರೆ ಪೂರ್ತಿ ಒಬ್ಬ ಮನುಷ್ಯನೂ ಬೇಕಾಗಲಿಲ್ಲ. ಹಾಗಾಗಿ ಸುಗ್ಗಿಯಲ್ಲಿ ನಾವೆಲ್ಲ ಕಣಕ್ಕೆ ಹೋದಾಗ ಚಿಕ್ಕತಿಮ್ಮಪ್ಪನವರ ನಿದ್ದೆಯೊಂದನ್ನೇ ನಂಬಿಕೊಂಡು ಅತ್ತೆ ಸಭೆ ನಡೆಸಿದ್ದುಂಟು. ನಾವು ಬಂದಾಗ ನುಗ್ಗೆಗಿಡ ಕಡಿಯುವ ವಿಷಯ ಪಾಸಾಗಿತ್ತು.

ಕೆಟ್ಟ ಮಾತು ಆಡಿದರೆ ಕಡತದಿಂದ ತೆಗೆಯಬೇಕು. ನಮ್ಮಲ್ಲಿ ಕಡತವೇ ಇರಲಿಲ್ಲ. ಅದಕ್ಕೆ ಅತ್ತೆ ಗಂಟೆ ಬಾರಿಸಿ “ಈ ಮಾತನ್ನ ಎಲ್ರೂ ಮರೀರಿ” ಎನ್ನುತ್ತಿದ್ದರು. “ಮರೆತ್ವಿ” ಎಂದು ನಾವು ಒಬ್ಬೊಬ್ಬರಾಗಿ ಒಪ್ಪಿಕೊಳ್ಳಬೇಕು. ಮುಂದಿನ ವಾರ ನಮ್ಮ ಯಜಮಾನರು ಎದ್ದು, “ಮಾನ್ಯ ಅಧ್ಯಕ್ಷರೇ, ಹೋದ ಸೋಮವಾರ ಮುಖ್ಯಮಂತ್ರಿಗಳು ನನ್ನನ್ನ ಕತ್ತೆ ಅಂದಿದ್ದನ್ನ ನಾನು ಪೂರ್ತಿ ಮರೆತೀನಿ ಅಂತ ಸಭೆಗೆ ಗೊತ್ತಿರ್ಲಿ” ಎನ್ನುವರು. ಸಭಾತ್ಯಾಗ ಅವರಿಗೆ ಬಹಳ ಇಷ್ಟ. ಧೋತ್ರ ಕೊಡವಿಕೊಂಡು ಎದ್ದು ಹೊರಗೆ ಹೋಗಿಬಿಡುತ್ತಿದ್ದರು. ಒಮ್ಮೆ ಅವರು ಹೊರಗಿದ್ದಾಗ ಆಹಾರ ಮಂತ್ರಿ ಎಲ್ಲರಿಗೂ ಬಾಡಿನ ಸಾರು ಬಡಿಸಿ ಪಾತ್ರೆ ತೊಳೆದಿಟ್ಟರು. ಅಲ್ಲಿಗೆ ಸಭಾತ್ಯಾಗವೂ ನಿಂತಿತು.

ನಾನು ಮೊದಲ ಸಲ ಎದ್ದು ನಿಂತದ್ದು ಸೀಮೆಎಣ್ಣೆಯ ವಿಷಯಕ್ಕೆ. ಮಾರಣ್ಣ ಭಾವ ಎದುರಿಗೇ ಇದ್ದರು. ಆದರೆ ನಾನು ಮಾತಾಡುತ್ತಿದ್ದುದು ಅವರ ಹತ್ತಿರ ಅಲ್ಲವಲ್ಲ! ಅಧ್ಯಕ್ಷರ ಹತ್ತಿರ. “ಮಾನ್ಯ ಅಧ್ಯಕ್ಷರೇ, ಸರ್ಕಾರದ ಕ್ವಾಣೆಯಾಗೆ ಲ್ಯಾಟಿನ್ನು ಉರಿತೈತೆ, ನಮ್ ಕ್ವಾಣೆಯಾಗೆ ಕತ್ತಲೆ. ಇದು ಯಾವ ನ್ಯಾಯ ಅಂತ ಹಣಕಾಸು ಮಂತ್ರಿಗಳನ್ನ ಕೇಳ್ರಿ.” ಅಷ್ಟು ವರ್ಷ ಬಾಗಿಲ ಹಿಂದೆ ನುಂಗಿದ್ದದ್ದೆಲ್ಲ ಆಮೇಲೆ ಹೊರಗೆ ಬರತೊಡಗಿತು. ಪ್ರಶ್ನೋತ್ತರದ ಹೊತ್ತು ಬಂತೆಂದರೆ ಭಾವ ಹಣೆ ಒರೆಸಿಕೊಳ್ಳುತ್ತಿದ್ದರು. ಅತ್ತೆಯ ಈ ಹುಚ್ಚನ್ನು ಊರವರು ಏನೇ ಅನ್ನಲಿ, ಆ ಪೆಟ್ಟಿಗೆಯ ಮುಂದೆ ನಿಂತಾಗ ನಾನು ಮನುಷ್ಯಳಾಗಿದ್ದೆ. ಅದನ್ನು ಹೇಳಲು ನನಗೆ ನಾಚಿಕೆಯಿಲ್ಲ.

ದೇಶದಲ್ಲಿ ಎಮರ್ಜೆನ್ಸಿ ಬಂತು. ಯಲ್ಲದಕೆರೆಯ ನಮ್ಮ ಪಡಸಾಲೆಯಲ್ಲಿ ವಿರೋಧ ಪಕ್ಷ ಎಂದಿನಂತೆ ಕೂಗಾಡಿಕೊಂಡು ಉಂಡುಕೊಂಡು ಇತ್ತು.

ಎಪ್ಪತ್ತಾರರ ಬೇಸಿಗೆಯಲ್ಲಿ ಲಾರಿಯ ವಿಷಯ ಬಂತು. ಸಣ್ಣಪ್ಪ ಎಂದಿನಂತೆ ಕುರಿ ಹೊಡೆದುಕೊಂಡು ಹೊಳಲ್ಕೆರೆಯ ಆಚೆಗೆ, ನಾಲೆ ನೀರಿನ ಗದ್ದೆಗಳ ಕಡೆಗೆ ಹೋಗಿದ್ದ. ಮಳೆ ಹಿಡಿಯುವವರೆಗೆ ಅವನು ಬರುವುದಿಲ್ಲ. ಈ ಕಡೆ ಮಾರಣ್ಣ ಭಾವ ಏನೋ ಕೆಲಸಕ್ಕೆ ದುರ್ಗಕ್ಕೆ ಹೋದವರು ಜೋಗಿಮಟ್ಟಿಯ ದಾರಿಯಲ್ಲಿ ನಿಂತಿದ್ದ ಒಂದು ಹಳೆಯ ಲಾರಿ ನೋಡಿ ಮರುಳಾಗಿ ಬಂದರು. ಯಾರೋ ಕಂಟ್ರಾಕ್ಟರು ಮಾರುತ್ತಾನಂತೆ. ಕುರಿಗಳನ್ನೆಲ್ಲ ಒಟ್ಟಿಗೆ ಕೊಟ್ಟರೆ ಲಾರಿ ಬರುತ್ತದೆ. ಸೋಮವಾರ ಸಂಜೆಯೊಳಗೆ ಹೇಳಿ ಕಳಿಸದಿದ್ದರೆ ಬೇರೆಯವರಿಗೆ ಕೊಟ್ಟುಬಿಡುತ್ತಾನೆ.

ಭಾನುವಾರವೇ ಗಂಗಕ್ಕ ಹಿತ್ತಲಲ್ಲಿ ನನ್ನ ಕೈ ಹಿಡಿದುಕೊಂಡು ಅತ್ತಳು. ಸಣ್ಣಪ್ಪನನ್ನು ಬಲ್ಲವರಿಗೆ ಅವಳ ಭಯ ಅರ್ಥವಾಗುತ್ತದೆ. ಅವನಿಗೆ ಮನುಷ್ಯರ ಹತ್ತಿರ ನಾಲ್ಕು ಮಾತಾಡಲು ಬರುವುದಿಲ್ಲ, ಕುರಿಯ ಹತ್ತಿರ ದಿನವಿಡೀ ಮಾತಾಡುತ್ತಾನೆ. ಮಂದೆ ಹೋದರೆ ಅವನ ಕೈಯಲ್ಲಿ ಬೇರೆ ಕಸುಬಿಲ್ಲ. ಗಂಗಕ್ಕನ ತವರಿನವರು ಮದುವೆಯಲ್ಲಿ ಕೊಟ್ಟ ಕುರಿಗಳೂ ಅದರಲ್ಲೇ ಸೇರಿಕೊಂಡಿದ್ದವು.

“ಅಕ್ಕಾ, ಅವರು ಬರಾದ್ರೊಳಗೆ ಮಾರಿಬಿಟ್ರೆ ಏನ್ ಮಾಡಾಣ? ಲಾರಿ ತೊಳ್ಯಾಕೆ ಇಟ್ಕಂತಾರಂತೆ ಅವರನ್ನ. ಅವರು ತಡ್ಕಳ್ಳಾಕಿಲ್ಲ ಅಕ್ಕಾ. ಎಲ್ಲಿಗಾರ ಹೊಂಟೋಗ್ತಾರೆ.”

“ಅಳಬ್ಯಾಡ ಸುಮ್ಕಿರೇ. ನಾಳೆ ನಮ್ ಪಕ್ಷ ಐತೆ. ಮೂರು ಜನ ಇದೀವಿ, ನೀನು ಈ ಕಡೆ ಬಂದ್ರೆ ನಾಲ್ಕು. ಸರ್ಕಾರ ಬಿದ್ದೋಗ್ತೈತೆ” ಎಂದೆ.

ನಾನು ಹೇಳಿದ್ದು ನಮ್ಮ ಯಜಮಾನರನ್ನು ನಂಬಿಕೊಂಡು. ಬೆಳಿಗ್ಗೆ ಗಂಟೆ ಬಾರಿಸಿದಾಗ ನಾನು ಒಲೆ ಆರಿಸಿ ಪಡಸಾಲೆಗೆ ಬಂದು ನೋಡುತ್ತೇನೆ, ವಿರೋಧ ಪಕ್ಷದ ನಾಯಕರು ಬಲಗಡೆ, ಅಣ್ಣನ ಪಕ್ಕದಲ್ಲಿ, ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದಾರೆ. ಲಾರಿಯ ಡ್ರೈವರ್ ಪಕ್ಕದ ಸೀಟು ಕೊಡುತ್ತೇನೆ ಎಂದು ಭಾವ ಅವರಿಗೆ ಆಸೆ ತೋರಿಸಿದ್ದರು. ಟಗರಿನ ಹಗೆ ಒಂದು ಸೀಟಿಗೆ ಕರಗಿಹೋಗಿತ್ತು. ಪಕ್ಷಾಂತರ ಎನ್ನುವುದನ್ನು ರೇಡಿಯೋದಲ್ಲಿ ಕೇಳಿದ್ದೆ, ಕಟ್ಟಿಕೊಂಡ ಗಂಡನಲ್ಲೇ ನೋಡುತ್ತೇನೆ ಎಂದುಕೊಂಡಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಅವರು ಕಣ್ಣಲ್ಲೇ ನನ್ನನ್ನು ತಮ್ಮ ಕಡೆಗೆ ಕರೆದರು. ನಾನು ಎಡಗಡೆಯೇ ದಬಕ್ಕನೆ ಕೂತೆ. ಗಂಗಕ್ಕ ತಲೆ ತಗ್ಗಿಸಿಕೊಂಡು ಬಂದು ನನ್ನ ಪಕ್ಕ ಕೂತಳು.

ಮಾರಣ್ಣ ಭಾವ ಎದ್ದರು. “ಮಾನ್ಯ ಅಧ್ಯಕ್ಷರೇ, ಕುರಿ ಕಾಯೋ ಕಾಲ ಹೋತು. ಲಾರಿ ತಂದ್ರೆ ಮನೆ ಉದ್ಧಾರ ಆಗ್ತೈತೆ. ಕುರಿ ಮಾರಿ ಲಾರಿ ತರಾಕೆ ಸಭೆ ಒಪ್ಗೆ ಕೊಡ್ಬೇಕು.”

ನಾನು ಎದ್ದೆ. “ಮಾನ್ಯ ಅಧ್ಯಕ್ಷರೇ, ಕುರಿ ಕಾಯೋನು ಇಲ್ಲಿಲ್ಲ. ಅವನು ಇಲ್ದಾಗ ಅವನ ಕುರಿ ಮಾರಾದು ಯಾವ ಊರಿನ ಸರ್ಕಾರ ಅಂತ ಕೇಳ್ರಿ. ನಿನ್ನೆ ತನಕ ನಮ್ ನಾಯಕರಾಗಿದ್ದ ಒಬ್ರಿಗೆ ನಾಚ್ಕೆ ಐತಾ ಅಂತಾನೂ ಕೇಳ್ರಿ.”

“ಮಾನ್ಯ ಅಧ್ಯಕ್ಷರೇ, ಮನೇಲಿ ಮಾತಾಡ್ಕಂತೀನಿ ಅಂತ ಹೇಳ್ರಿ ಅವಳಿಗೆ” ಎಂದರು ನಮ್ಮ ಯಜಮಾನರು.

“ಇದೇ ಮನೆ ಅಂತ ಹೇಳ್ರಿ ಅವರಿಗೆ!”

ಅತ್ತೆ ಗಂಟೆ ಬಾರಿಸಿದರು. ಗಂಗಕ್ಕ ಎದ್ದು ಸೆರಗಿನೊಳಗಿಂದಲೇ, ಕೇಳಿಯೂ ಕೇಳದ ಹಾಗೆ, “ಮಾನ್ಯ ಅಧ್ಯಕ್ಷರೇ, ಅವರಿಗೆ ಕುರಿ ಬಿಟ್ರೆ ಏನೂ ಗೊತ್ತಿಲ್ಲ, ಅವರು ಬರಾ ತನಕನಾರ ಕಾಯ್ರಿ” ಎಂದು ಕೂತಳು. ಭಾವ ಒಪ್ಪಲಿಲ್ಲ. ಮಧ್ಯಾಹ್ನದ ಬಸ್ಸಿಗೆ ದುರ್ಗಕ್ಕೆ ಹೋಗಬೇಕು, ಈಗಲೇ ಮತಕ್ಕೆ ಹಾಕಿ ಎಂದು ಪಟ್ಟು ಹಿಡಿದರು.

“ಹೌದು ಅನ್ನೋರು ಕೈ ಎತ್ರಿ” ಎಂದರು ಅತ್ತೆ. ಮಾರಣ್ಣ ಭಾವ, ಹೊನ್ನಕ್ಕ, ನಮ್ಮ ಯಜಮಾನರು. ಮೂರು.

“ಇಲ್ಲ ಅನ್ನೋರು?” ನಾನು, ಗಂಗಕ್ಕ. ಚಿಕ್ಕತಿಮ್ಮಪ್ಪನವರನ್ನು ನಾನು ಮೊಣಕೈಯಿಂದ ತಿವಿದೆ. ಅವರನ್ನು ಯಾವಾಗ ಎಬ್ಬಿಸಿದರೂ ಯಾರೋ ಹೊಗೆಸೊಪ್ಪು ಕದ್ದದ್ದು ನೀನಾ ಎಂದು ಕೇಳುತ್ತಿದ್ದಾರೆ ಎಂದೇ ಅವರ ಭಾವನೆ. “ಇಲ್ಲ! ಇಲ್ಲ! ದೇವರಾಣೆ ಇಲ್ಲ!” ಎಂದು ಎರಡೂ ಕೈ ಎತ್ತಿದರು. ಎರಡು ಕೈಗೆ ಒಂದೇ ಮತ ಎಂದು ಅತ್ತೆ ತೀರ್ಪು ಕೊಟ್ಟರು. ಮೂರು.

ಸಮ ಬಂದಿತ್ತು. ಎರಡು ವರ್ಷದಲ್ಲಿ ಒಮ್ಮೆಯೂ ಹೀಗಾಗಿರಲಿಲ್ಲ. ಪೀಠದ ಮೇಲೆ ಕೂತವರಿಗೆ ಬೇರೆ ಹೊತ್ತಿನಲ್ಲಿ ಮತವಿಲ್ಲ, ಸಮ ಬಂದಾಗ ಮಾತ್ರ ಅವರು ಹೇಳಿದ್ದೇ ಕೊನೆ ಎಂದು ಅತ್ತೆಯೇ ನಮಗೆ ಹೇಳಿದ್ದರು. ಎಲ್ಲರೂ ಅವರ ಮುಖ ನೋಡಿದೆವು.

ಭಾವ ನಿಂತೇ ಇದ್ದರು. “ಮಾನ್ಯ ಅಧ್ಯಕ್ಷರೇ, ಒಂದ್ ಮಾತು. ಇಲ್ಲ ಅಂತ ಬಂದ್ರೆ ನಾಳೆ ನನ್ ಪಾಲು ನಂಗೆ ಕೊಟ್ಬಿಡ್ರಿ. ನಾನು ಬ್ಯಾರೆ ಹೋಗ್ತೀನಿ.”

ಮನೆ ಪಾಲಾಗಬಾರದು ಎಂಬ ಒಂದೇ ಆಸೆಗೆ ಅತ್ತೆ ಆ ಪೆಟ್ಟಿಗೆ ಹತ್ತಿದ್ದು. ಹೌದು ಎಂದರೆ ಕಿರಿಯ ಮಗ ಹೋಗುತ್ತಾನೆ, ಇಲ್ಲ ಎಂದರೆ ಹಿರಿಯ ಮಗ ಹೋಗುತ್ತಾನೆ. ಎಂದೂ ಮಾತಿಗೆ ತಡವರಿಸದ ಹೆಂಗಸು, ಎಲೆಅಡಿಕೆ ಬಾಯಲ್ಲಿಟ್ಟುಕೊಂಡು ಅಗಿಯುವುದನ್ನೂ ಮರೆತು ಕೂತಿದ್ದರು.

ಕೊನೆಗೆ ಎದ್ದರು. ಗಂಟೆಯನ್ನು ಪೆಟ್ಟಿಗೆಯ ಮೇಲೇ ಇಟ್ಟು ಕೆಳಗೆ ಇಳಿದರು.

“ಗಂಗೀ, ಬಾ ಇಲ್ಲಿ. ಮ್ಯಾಲೆ ಕುಂತ್ಕ.”

“ಅಯ್ಯೋ ನಾನಾ!”

“ಅಧ್ಯಕ್ಷರು ಕೆಳಗಿಳಿದ್ರೆ ಸಭೆಯಾಗಿರೋ ಯಾರನ್ನಾರ ಕುಂಡ್ರಿಸಬೋದು. ಅಲ್ಲೂ ಹಂಗೇ ಮಾಡ್ತಾರೆ. ಹತ್ತೇ ಮ್ಯಾಲೆ.”

ಗಂಗಕ್ಕ ಹತ್ತಿದಳು. ಭಾವ ಕೆಳಗೆ, ತಮ್ಮನ ಹೆಂಡತಿ ಮೇಲೆ. ಹೊನ್ನಕ್ಕ “ಶಿವ ಶಿವಾ” ಎಂದು ಕೆನ್ನೆ ಬಡಿದುಕೊಂಡರು. ಗಂಗಕ್ಕನ ಸೆರಗು ಎದೆಯವರೆಗೂ ಇಳಿದಿತ್ತು, ನಮ್ಮ ಸಭೆಗೆ ಅಧ್ಯಕ್ಷರಾಗಿದ್ದದ್ದು ಒಂದು ಕೆಂಪು ಸೀರೆಯ ಗಂಟು ಎನ್ನಬೇಕು. ಅತ್ತೆ ನನ್ನ ಪಕ್ಕಕ್ಕೆ ಬಂದು ನಿಂತು, ಆ ಗಂಟಿಗೆ ಕೈ ಮುಗಿದರು.

“ಮಾನ್ಯ ಅಧ್ಯಕ್ಷರೇ, ಆ ಪೆಟ್ಗೆ ಮ್ಯಾಲೆ ಕುಂತೋರು ಯಾರ ಕಡೆನೂ ಆಗಬಾರ್ದು. ನಂಗ್ ಇವತ್ತು ಅದು ಆಗಾಕಿಲ್ಲ, ಅದಕ್ಕೆ ಇಳಿದೆ. ಮಾರಣ್ಣ ನನ್ ಚೊಚ್ಚಲ ಮಗ, ಅವನಿಗೆ ಲಾರಿ ಆಸೆ ಐತೆ, ತಪ್ಪಲ್ಲ. ಬೋರಯ್ಯ ಎಲ್ಲಿ ಬಿಟ್ರೂ ಬದುಕ್ತಾನೆ, ಈಗ್ಲೇ ನೋಡಿದ್ರಲ್ಲ. ಸಣ್ಣಪ್ಪಂಗೆ ಮಂದೆ ಬಿಟ್ರೆ ದಿಕ್ಕಿಲ್ಲ. ಅವನು ಇದ್ದಿದ್ರೂ ಇಲ್ಲಿ ನಿಂತು ಒಂದ್ ಮಾತು ಆಡ್ತಿರ್ಲಿಲ್ಲ. ಅವನ ಪರವಾಗಿ ನಾನು ಆಡ್ತೀನಿ. ನನ್ ಮತ ಇಲ್ಲ ಅನ್ನೋದಕ್ಕೆ.”

“ಅವ್ವಾ!” ಎಂದರು ಭಾವ.

“ಅಧ್ಯಕ್ಷರಿಗೆ ಹೇಳಪ್ಪ” ಎಂದರು ಅತ್ತೆ, ಅವರ ಕಡೆ ನೋಡದೆ.

ಗೆದ್ದೆವು ಎಂದು ನಾನು ಚಪ್ಪಾಳೆ ತಟ್ಟಲು ಕೈ ಎತ್ತಿದೆ. ಆಗ ನಮ್ಮ ಯಜಮಾನರು ಬೆರಳು ಮಡಚಿ ಎಣಿಸಿ, “ಮಾನ್ಯ ಅಧ್ಯಕ್ಷರೇ, ಈಗಲೂ ಮೂರು ಮೂರೇ ಐತೆ. ಮ್ಯಾಲೆ ಕುಂತ ಮ್ಯಾಲೆ ಗಂಗಕ್ಕನ ಮತ ಹೋತು” ಎಂದರು. ಎಣಿಸಿದೆ. ಹೌದು! ಅತ್ತೆ ಬಂದರು, ಗಂಗಕ್ಕ ಹೋದಳು. ಮತ್ತೆ ಸಮ. ಅತ್ತೆ ಇದನ್ನು ತಿಳಿದೇ ಮಾಡಿದರೋ, ಲೆಕ್ಕ ತಪ್ಪಿದರೋ, ಸಾಯುವವರೆಗೂ ನನಗೆ ಹೇಳಲಿಲ್ಲ. ಆ ಹೊತ್ತಿನಲ್ಲಿ ಅವರ ಮುಖ ನೋಡಿದರೆ ಲೆಕ್ಕ ತಪ್ಪಿದವರ ಹಾಗೆಯೇ ಇತ್ತು.

ಈಗ ಕೊನೆಯ ಮಾತು ಗಂಗಕ್ಕನದು. ಚಿಕ್ಕತಿಮ್ಮಪ್ಪನವರು ಕೂಡ ಎಚ್ಚರವಾಗಿದ್ದರು. ಸೆರಗಿನ ಗಂಟು ಅಲುಗಾಡಲಿಲ್ಲ. ಭಾವ ನೆಲ ನೋಡುತ್ತಾ ನಿಂತಿದ್ದರು. ತಮ್ಮನ ಹೆಂಡತಿಯ ಕಡೆ ಕತ್ತೆತ್ತುವುದು ಅವರಿಗೂ ಆಗದ ಕೆಲಸ.

ಗಂಗಕ್ಕ ಎರಡೂ ಕೈಯಿಂದ ಸೆರಗನ್ನು ಹಿಂದಕ್ಕೆ ಸರಿಸಿದಳು. ಅಗಲವಾದ ಮುಖ, ಅತ್ತು ಕೆಂಪಾದ ಕಣ್ಣು.

“ಭಾವಾ.”

ಸಭೆ ಬೆಚ್ಚಿಬಿತ್ತು. ಅಧ್ಯಕ್ಷರೇ ನೇರವಾಗಿ ಮಾತಾಡಿಬಿಟ್ಟಿದ್ದರು! ಹಾಗೆ ಮಾತಾಡಿದರೆ ಮುದ್ದೆ ಇಲ್ಲ ಎನ್ನುವುದು ನಮ್ಮ ಸಭೆಯ ಮೊದಲನೇ ನಿಯಮ. ಭಾವ ತಲೆ ಎತ್ತಿ, ಮೊದಲ ಸಲ ಆ ಮುಖ ನೋಡಿದರು.

“ಭಾವಾ, ಕುರಿ ಮಾರಂಗಿಲ್ಲ. ಇಲ್ಲ ಅನ್ನೋದೇ ನನ್ ಮಾತು. ಪಾಲು ತಗಂಡು ಹೋಗ್ತೀನಿ ಅಂದ್ರಿ. ನೀವು ಹೋದ್ರೆ ನಮ್ಮನೆಯೋರು ಬಂದು ಅಣ್ಣ ಎಲ್ಲಿ ಅಂತ ಕೇಳ್ತಾರೆ, ನಾನ್ ಏನ್ ಹೇಳ್ಲಿ? ಮಂದೆ ಕಾಯ್ವಾಗ ಅವರು ನಿಮ್ ಹೆಸರೇ ಹೇಳ್ಕಂಡು ಕಾಯಾದು. ತೋಳ ಬಂದ್ರೆ ‘ಅಣ್ಣ ಬಂದ, ಅಣ್ಣ ಬಂದ’ ಅಂತ ಕೂಗ್ತಾರೆ. ನಾನು ಜೊತೆಗೆ ಹೋದಾಗ ಕೇಳೀನಿ.”

ಇಷ್ಟು ವರ್ಷ ಕಂಬಕ್ಕೂ ಅಧ್ಯಕ್ಷರಿಗೂ ಮಾತಾಡಿದ ಭಾವನಿಗೆ ಎದುರು ನಿಂತ ಮನುಷ್ಯರಿಗೆ ಉತ್ತರ ಹೇಳುವ ರೂಢಿಯೇ ತಪ್ಪಿಹೋಗಿತ್ತು. ಬಸ್ಸಿನ ಹಾರನ್ ದೂರದಲ್ಲಿ ಕೇಳಿಸಿತು. ಅವರು ಹೊರಡಲಿಲ್ಲ.

“ನಾಳೆ ಹೊಳಲ್ಕೆರೆ ಕಡೀಕೆ ಹೋಗಿ ಬರ್ರಿ ಭಾವಾ” ಎಂದಳು ಗಂಗಕ್ಕ. “ಅವರ ತಾವ ಇಷ್ಟೊತ್ಗೆ ರಾಗಿ ಹಿಟ್ಟು ಮುಗಿದಿರ್ತೈತೆ. ಒಬ್ರೇ ಅವ್ರೆ.”

ಆಮೇಲೆ ಮಾರಣ್ಣ ಭಾವ, ಅವಳನ್ನೇ ನೋಡುತ್ತಾ, ಅಧ್ಯಕ್ಷರೇ ಎನ್ನದೆ, ಕಂಬಣ್ಣ ಎನ್ನದೆ, ಮೆಲ್ಲಗೆ ಕೇಳಿದರು.

“ಎಷ್ಟು ಸೇರು ಒಯ್ಲಮ್ಮ?”

ನನ್ನ ಪಕ್ಕದಲ್ಲಿದ್ದ ಅತ್ತೆಗೆ ತಡೆಯಲಾಗಲಿಲ್ಲ. ಕಣ್ಣೀರು ಒರೆಸಿಕೊಂಡು ಮುಂದೆ ಬಂದರು. “ಮಾನ್ಯ ಅಧ್ಯಕ್ಷರೇ, ನಾನೊಂದ್ ಮಾತು...”

ಗಂಗಕ್ಕ ಗಂಟೆ ಬಾರಿಸಿದಳು.

“ಕುಂತ್ಕಳ್ರಿ ಅತ್ತೆ. ನಾನೂ ಭಾವಾನೂ ಮಾತಾಡ್ತಾ ಇದೀವಿ.”

ನನ್ನ ಅತ್ತೆ ದುರುಗಕ್ಕ ಹುಟ್ಟಿದಾಗಿನಿಂದ ಯಾರು ಹೇಳಿದರೂ ಕೂತವರಲ್ಲ. ಅವತ್ತು ಕೂತರು.